ಹಂಪವ್ವನ ಮೂರು ಖಾನೆ

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಖತೀಜಾಬೀ ಮನೆಯ ಮಹಡಿ ಮೇಲಿನ ಒಂಟಿ ಕೋಣೆಗೆ ಹಂಪವ್ವ ಬಾಡಿಗೆಗೆ ಬಂದು ಆಗಿನ್ನೂ ಹದಿನೈದು ದಿನ. ಅಲ್ಲೇ ಉಳಿಯುತ್ತಾಳೋ, ಗಂಟುಮೂಟೆ ಕಟ್ಟಿಕೊಂಡು ಹರಿಹರದ ಮಗನ ಮನೆಗೆ ವಾಪಸು ಹೋಗುತ್ತಾಳೋ ಎಂಬುದು ಈಗ ಒಂದು ರಟ್ಟಿನ ಡಬ್ಬಿಯ ಮೇಲೆ ನಿಂತಿತ್ತು. ನಗಬೇಡಿ. ಹಠ ತಲೆಗೇರಿದರೆ ಮನುಷ್ಯರು ಇದಕ್ಕಿಂತ ಹಗುರಾದ ವಸ್ತುವಿನ ಮೇಲೂ ಬಾಳುವೆಯನ್ನು ಪಣಕ್ಕಿಡುತ್ತಾರೆ. ಈ ಡಬ್ಬಿ ಕಡೇಪಕ್ಷ ಮೂವತ್ತೈದು ಕಿಲೋ ತೂಗುತ್ತಿತ್ತು.

ಡಬ್ಬಿಯೊಳಗಿದ್ದದ್ದು ಒಂದು ಕಪಾಟು. ಎಳೆದರೆ ಹೊರಗೆ ಬರುವ, ನೂಕಿದರೆ ಒಳಗೆ ಹೋಗುವ ಮೂರು ಖಾನೆಗಳ, ಸೊಂಟದೆತ್ತರದ ಕಪಾಟು. ಆದರೆ ಕಂಪನಿಯವರು ಅದನ್ನು ಕಪಾಟಾಗಿ ಕಳಿಸುವುದಿಲ್ಲ, ಹಲಗೆ ಹಲಗೆ ಬೇರೆ ಮಾಡಿ ಕಳಿಸುತ್ತಾರೆ. ಮನೆಯಲ್ಲಿ ನಾವೇ ಜೋಡಿಸಿಕೊಳ್ಳಬೇಕು. ಹಂಪವ್ವ ದಿನಾ ಬೆಳಗ್ಗೆ ಜೋಳದ ರೊಟ್ಟಿ ಬಡಿಯುವ ಖಾನಾವಳಿಯ ಯಜಮಾನ ವಿಜಯಕುಮಾರ್ ತನ್ನ ಮೊಬೈಲಿನಲ್ಲಿ ಅದರ ಫೋಟೊ ತೋರಿಸಿದಾಗ ಅವಳು ಬಹಳ ಹೊತ್ತು ಕಣ್ಣು ಕೀಳದೆ ನೋಡಿದ್ದಳು. ಕಡೆಗೆ, "ಇದನ್ನೇ ತರಿಸ್ರಿ," ಅಂದಿದ್ದಳು.

ಐವತ್ತೊಂಬತ್ತು ವರ್ಷದ ಬಾಳಿನಲ್ಲಿ ತನ್ನದು ಅಂತ ಅವಳು ತರಿಸಿದ ಮೊದಲ ಸಾಮಾನು ಇದೇ ಅಂದರೆ ಅದರಲ್ಲಿ ಒಂದಿಷ್ಟೂ ಉತ್ಪ್ರೇಕ್ಷೆಯಿಲ್ಲ. ಲೋಕಿಕೆರೆಯ ತವರಿನಲ್ಲಿ ಆರು ಜನ ಅಕ್ಕತಂಗಿಯರಿಗೆ ಒಂದು ಟ್ರಂಕು. ಗಂಡ ಅಂಜಿನಪ್ಪನ ಮನೆಯಲ್ಲಿ ಅತ್ತೆಯ ಟ್ರಂಕು. ಅಂಜಿನಪ್ಪ ತೀರಿಕೊಂಡ ಮೇಲೆ ಹರಿಹರದಲ್ಲಿ ಮಗ ಮಾರುತಿಯ ಜತೆ ಇದ್ದಳಲ್ಲ, ಅಲ್ಲಿ ಅವಳ ಐದು ಸೀರೆ ಜಿಪ್ಪಿನ ಬ್ಯಾಗಿನಲ್ಲಿ ಅಟ್ಟದ ಮೇಲಿರುತ್ತಿದ್ದವು. ಸೀರೆ ಬದಲಿಸಬೇಕೆಂದರೆ ಮೊಮ್ಮಗ ರೇವಂತನನ್ನೋ ಸೊಸೆ ಸುಮಾಳನ್ನೋ ಕೂಗಬೇಕು, ಅವರು ಸ್ಟೂಲು ಹಾಕಬೇಕು. ಯಾರೂ ಒಂದು ದಿನ ಮುಖ ಗಂಟು ಹಾಕಿದವರಲ್ಲ. ಸೊಸೆ ಒಳ್ಳೆಯವಳು, ಮಗ ಒಳ್ಳೆಯವನು, ಮೊಮ್ಮಗ ಹತ್ತನೇ ಕ್ಲಾಸು ಓದುತ್ತಾ ಒಳಗಿನ ಕೋಣೆ ಹಿಡಿದಿದ್ದ. ಕೆಟ್ಟವರು ಯಾರೂ ಇರಲಿಲ್ಲ, ತೊಂದರೆಯೆಲ್ಲ ಅಲ್ಲೇ ಇತ್ತು. ಕೆಟ್ಟವರಿದ್ದರೆ ಜಗಳವಾಡಿ ಎದ್ದು ಬರಬಹುದು. ಒಳ್ಳೆಯವರ ಮನೆಯಿಂದ ಎದ್ದು ಬರುವುದಕ್ಕೆ ಹಂಪವ್ವನಿಗೆ ಎರಡು ವರ್ಷ ಹಿಡಿಯಿತು.

ಮಾರುತಿಗೆ ಹರಿಹರದಲ್ಲಿ ಸ್ವಂತ ಲಗೇಜ್ ಆಟೊ ಇತ್ತು. ಡಬ್ಬಿ ಬಂದ ಶನಿವಾರ ಸಂಜೆಯೇ ದಾವಣಗೆರೆಗೆ ಯಾವುದೋ ಸಾಮಾನು ಇಳಿಸುವ ಬಾಡಿಗೆಗೆ ಬಂದವನು ಅವ್ವನನ್ನು ನೋಡಲು ಮೆಟ್ಟಿಲು ಹತ್ತಿದ. ಬಾಗಿಲಲ್ಲೇ ಡಬ್ಬಿ ಕಾಲಿಗೆ ತಾಗಿತು.

"ಇದೇನವ್ವ ಇದು?"

"ಕಪಾಟು."

"ಎಲ್ಲೈತೆ ಕಪಾಟು? ಹಲಗೆ ಕಟ್ಟು ಇದು," ಎಂದು ನಕ್ಕ ಮಾರುತಿ. "ಯಾರು ಜೋಡಿಸ್ತಾರೆ?"

"ಕಂಪನಿಯೋರು ಬರ್ತಾರಂತೆ. ಒಂಬತ್ತು ದಿನ ಆದ್ಮೇಲೆ."

"ಬಂದಂಗೇ! ಅವರು ಬರೋದ್ರೊಳಗೆ ಇದರಾಗೆ ಇಲಿ ಮರಿ ಹಾಕಿರ್ತಾವೆ." ನಗು ನಿಂತಿತು. ಮಾರುತಿ ಡಬ್ಬಿಯ ಮೇಲೆಯೇ ಕೂತ. "ಅವ್ವ, ಸಾಕು ಮಾಡು. ಆಟೊ ಸ್ಟ್ಯಾಂಡ್‌ನಾಗೆ ನನಗೆ ತಲೆ ಎತ್ತಾಕೆ ಆಗವಲ್ದು. ಏನಪ್ಪ ಮಾರುತಿ, ಹೆತ್ತವ್ವನ್ನ ಹೊರಗೆ ಹಾಕಿದೆಯಂತೆ ಅಂತ ಮುಖಕ್ಕೇ ಕೇಳ್ತಾರೆ. ಈ ವಯಸ್ಸಿನಾಗೆ ಒಬ್ಬಳೇ ಈ ರೂಮಿನಾಗೆ ಯಾಕ ಬಿದ್ದಿರಬೇಕು ನೀನು? ಒಂದು ಬಲ್ಬ್ ಹೋದ್ರೆ ಹಾಕಿಕೊಳ್ಳಾಕೆ ಬರಲ್ಲ, ಇದನ್ನ ಜೋಡಿಸ್ತಾಳಂತೆ."

ಆ ಕೊನೆಯ ಮಾತು ಅವನು ಆಡಬಾರದಿತ್ತು. ಬಲ್ಬಿನ ಮಾತು ಕೇಳಿ ಹಂಪವ್ವನ ಮೈಯೆಲ್ಲ ಉರಿದುಹೋಯಿತು. ಸಿಟ್ಟು ಅವಳಿಗೆ ಮೂಗಿನ ತುದಿಯಲ್ಲೇ ಇರುತ್ತದೆ, ಕೆರೆಯುವುದೇ ಬೇಡ.

"ಕಂಪನಿಯೋರು ಯಾಕ ಬೇಕು?" ಎಂದಳು. "ನಾನೇ ಜೋಡಿಸ್ತೀನಿ. ನಾಳೆ ಭಾನುವಾರ, ಖಾನಾವಳಿ ರಜ."

"ಜೋಡಿಸ್ತೀಯಾ?" ಮಾರುತಿಗೂ ಅದೇ ರಕ್ತವಲ್ಲವೇ, ಅವನೂ ಎದ್ದು ನಿಂತ. "ಆತು. ನಾಳೆ ನಾಲ್ಕು ಗಂಟೆಗೆ ಗಾಡಿ ತಗೊಂಡು ಬರ್ತೀನಿ. ಕಂಪನಿಯೋನು ಬರಬಾರ್ದು, ಬಡಗಿ ಬರಬಾರ್ದು. ನಿನ್ನ ಕೈಯಿಂದ ಇದು ನಿಂತಿರಬೇಕು, ಮೂರು ಖಾನೇನೂ ಎಳೀಬೇಕು. ನಿಂತಿದ್ರೆ ನಾನು ಇನ್ನೊಂದು ಮಾತಾಡಲ್ಲ, ನೀನು ಇಲ್ಲೇ ಇರು. ನಿಂತಿಲ್ಲ ಅಂದ್ರೆ, ರಾಹುಕಾಲ ಬರೋದ್ರೊಳಗೆ ಸುಮ್ನೆ ಗಾಡಿ ಹತ್ತಬೇಕು."

ಭಾನುವಾರದ ರಾಹುಕಾಲ ನಾಲ್ಕೂವರೆಗೆ. ಅಂದರೆ ಅವ್ವನನ್ನು ಇಳಿಸಿ ಕೂರಿಸಿಕೊಳ್ಳುವುದಕ್ಕೆ ಅರ್ಧ ಗಂಟೆ ಸಾಕು ಅಂತ ಮಗ ಲೆಕ್ಕ ಹಾಕಿದ್ದ.

"ನಾಲ್ಕಕ್ಕೆ ಬಾ. ಮೂರೂ ಮುಕ್ಕಾಲಿಗೆ ಬಂದ್ರೆ ಬಾಗಿಲು ತೆಗೆಯಲ್ಲ," ಅಂದಳು ಹಂಪವ್ವ.

ಮರುದಿನ ಅವಳು ಬೆಳಗ್ಗೆ ಏಳಕ್ಕೇ ತಲೆಗೆ ಸ್ನಾನ ಮಾಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಡಬ್ಬಿ ಬಿಚ್ಚಿದಳು. ಎಣಿಸಿದರೆ ಇಪ್ಪತ್ತೊಂದು ಹಲಗೆ. ಕೆಲವು ದಪ್ಪ, ಕೆಲವು ತೆಳು, ಮೂರ್ನಾಲ್ಕು ರಟ್ಟಿಗಿಂತ ಸ್ವಲ್ಪ ಗಟ್ಟಿ. ಒಂದು ಕವರಿನಲ್ಲಿ ಸ್ಕ್ರೂ, ಮೊಳೆ, ಮರದ ಗೂಟ, ಚಕ್ರದ ಹಾಗಿರುವ ಸಣ್ಣ ಸಣ್ಣ ಬಿಲ್ಲೆ. ಜತೆಗೊಂದು ಪುಸ್ತಕ; ಪುಸ್ತಕವೆಂದರೆ ಓದುವ ಸಾಲು ಒಂದೂ ಇಲ್ಲ, ಬರೀ ಚಿತ್ರ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಹಂಪವ್ವನಿಗೆ ಇದನ್ನು ನೋಡಿ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಚಿತ್ರ ನೋಡಲು ಶಾಲೆ ಯಾಕೆ ಬೇಕು?

ಆದರೆ ಮೊದಲಿನ ಕೆಲಸ ಮೊದಲು. ಹೊಸ ಸಾಮಾನು ಮನೆಗೆ ಬಂದರೆ, ಅದು ಮೊರವಾಗಲಿ ಮಿಕ್ಸಿಯಾಗಲಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಅರಿಶಿನ ಕುಂಕುಮ ಹಚ್ಚದೆ ಹಂಪವ್ವ ಬಳಸಿದವಳಲ್ಲ. ಬಕೀಟು ನೀರಿಗೆ ಚಿಟಿಕೆ ಅರಿಶಿನ ಹಾಕಿ, ಹಳೆ ಲಂಗದ ತುಂಡು ಅದ್ದಿ, ಹಲಗೆಗಳನ್ನು ಒಂದೊಂದಾಗಿ ಒರೆಸತೊಡಗಿದಳು. ಒಂದೊಂದು ಹಲಗೆಗೂ ಒಂದೊಂದು ದುಂಡನೆಯ ಬಿಳಿ ಚೀಟಿ ಅಂಟಿಸಿದ್ದರು. ಹೊಸ ಸ್ಟೀಲ್ ತಟ್ಟೆ ತಂದರೆ ನಡುವೆ ಅಂಗಡಿಯವರ ಚೀಟಿ ಇರುತ್ತದಲ್ಲ, ಅದನ್ನು ಕಿತ್ತು ತಿಕ್ಕದೆ ಯಾವ ಹೆಂಗಸಾದರೂ ಊಟ ಬಡಿಸುತ್ತಾಳೆಯೇ? ಹಂಪವ್ವ ಉಗುರಿನಿಂದ ಕೆರೆದು ಕೆರೆದು ಇಪ್ಪತ್ತೊಂದನ್ನೂ ಕಿತ್ತಳು. ಅಂಟು ಬಿಡದಿದ್ದಕ್ಕೆ ಒಂದು ತೊಟ್ಟು ಸೀಮೆಎಣ್ಣೆ ಹಚ್ಚಿ ತಿಕ್ಕಿದಳು. ಹಲಗೆಗಳು ಥಳಥಳ ಹೊಳೆದವು. ಎಲ್ಲಕ್ಕೂ ಕುಂಕುಮವಿಟ್ಟು, ಒಣಗಲೆಂದು ಮಹಡಿಯ ಬಿಸಿಲಿಗೆ ಸಾಲಾಗಿ ಒರಗಿಸಿ, ತೃಪ್ತಿಯಿಂದ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು.

ಅಷ್ಟರಲ್ಲಿ ಕೆಳಗಿನಿಂದ ಖತೀಜಾಬೀ ಚಾ ತಂದಳು. ಮನೆಯೊಡತಿಯಾದರೂ ಹಂಪವ್ವನಿಗಿಂತ ಎರಡು ವರ್ಷ ಚಿಕ್ಕವಳು. ಮುಂದಿನ ಕೋಣೆಯಲ್ಲಿ ಬ್ಲೌಸು ಹೊಲಿಯುತ್ತಾಳೆ, ಕೊರಳಲ್ಲಿ ಸದಾ ಅಳತೆಯ ಟೇಪು. ಅವಳು ಚಿತ್ರದ ಪುಸ್ತಕವನ್ನು ಕನ್ನಡಕ ಏರಿಸಿ ನೋಡಿದಳು. ಹಲಗೆ ನೋಡಿದಳು. ಮತ್ತೆ ಪುಸ್ತಕ ನೋಡಿದಳು.

"ಹಂಪಕ್ಕ, ಇದರಾಗೆ ಹಲಗೆಗೆಲ್ಲ ಎ, ಬಿ, ಸಿ ಅಂತ ಬರೆದೈತೆ. ಎ-ಗೆ ಬಿ ಹಾಕು, ಬಿ-ಗೆ ಸಿ ಹಾಕು ಅಂತ. ಹಲಗೆ ಮ್ಯಾಲೆ ಅಕ್ಷರ ಎಲ್ಲಿ?"

ಹಂಪವ್ವನ ಕಣ್ಣು ಬಕೀಟಿನ ಕಡೆ ಹೋಯಿತು. ಅರಿಶಿನದ ನೀರಿನಲ್ಲಿ ಇಪ್ಪತ್ತೊಂದು ಚೀಟಿಗಳೂ ಮುದ್ದೆಯಾಗಿ ತೇಲುತ್ತಿದ್ದವು.

"ಯಾ ಅಲ್ಲಾ!" ಎಂದು ಖತೀಜಾಬೀ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ತಡೆಯಲಾಗದೆ ನಕ್ಕಳು. ನಕ್ಕು ನಕ್ಕು ಮೆಟ್ಟಿಲ ಮೇಲೆ ಕೂತಳು.

"ನಗು, ನಗು. ನಿನ್ನ ಮನೆ ಬಾಡಿಗೆ ಹೋಗ್ತೈತೆ, ಆಮೇಲೆ ಅಳುವಂತೆ," ಎಂದು ಹಂಪವ್ವ ಗದರಿದಳು. ಒಂದೇ ಬಣ್ಣದ ಇಪ್ಪತ್ತೊಂದು ಹಲಗೆ. ಯಾವುದು ಎಲ್ಲಿಗೆ ಅಂತ ಹೇಳುವ ಗುರುತನ್ನು ತಾನೇ ಕೈಯಾರೆ ತೊಳೆದಿದ್ದಳು. ಗಂಟೆ ಒಂಬತ್ತಾಗಿತ್ತು. ನಾಲ್ಕಕ್ಕೆ ಇನ್ನು ಏಳು ಗಂಟೆ.

ಒಂದು ನಿಮಿಷ ಅವಳಿಗೆ ಅಳು ಬಂತು. ಅತ್ತರೆ ಅಕ್ಷರ ವಾಪಸು ಅಂಟುವುದಿಲ್ಲ ಅಂತ ತನಗೆ ತಾನೇ ಬೈದುಕೊಂಡು ಚಾ ಕುಡಿದಳು.

"ಟೇಪು ಕೊಡು ಇಲ್ಲಿ," ಎಂದಳು.

ಖಾನಾವಳಿಯಲ್ಲಿ ಅವಳು ದಿನಕ್ಕೆ ಇನ್ನೂರೈವತ್ತು ರೊಟ್ಟಿ ಬಡಿಯುತ್ತಾಳೆ. ಐದೈದು ರೊಟ್ಟಿ ಒಂದರ ಮೇಲೊಂದು ಇಟ್ಟು ಅಂಚಿಗೆ ಬೆರಳಾಡಿಸಿದರೆ ಯಾವುದು ಕೂದಲೆಳೆ ದೊಡ್ಡದು, ಯಾವುದು ಚಿಕ್ಕದು ಅಂತ ಅವಳ ಬೆರಳಿಗೆ ತಿಳಿಯುತ್ತದೆ, ಕಣ್ಣಿಗೆ ಕೆಲಸವಿಲ್ಲ. ಹಲಗೆಗಳನ್ನೂ ಹಾಗೇ ಒಂದಕ್ಕೊಂದು ತಾಗಿಸಿ ನಿಲ್ಲಿಸಿ ಅಂಚು ಸವರಿದಳು. ಸಮ ಬಂದವು ಒಂದು ಗುಂಪು, ಬಾರದವು ಇನ್ನೊಂದು ಗುಂಪು. ಖತೀಜಾಬೀ ಟೇಪು ಹಿಡಿದು ಇಂಚು ಹೇಳಿದಳು. ಒಂದು ಗಂಟೆಯಲ್ಲಿ ನೆಲದ ಮೇಲೆ ಗುಂಪುಗಳಾದವು: ಆರು ಒಂದೇ ಅಳತೆಯವು, ಮೂರು ಹಿಡಿಕೆಯ ತೂತು ಇರುವವು, ಮೂರು ಗಿಡ್ಡವು, ಮೂರು ತೆಳು ಹಾಳೆಯಂಥವು. ಉಳಿದವು ದೊಡ್ಡವು.

"ಮೂರು ಖಾನೆ," ಎಂದು ಹಂಪವ್ವ ಬೆರಳು ಮಡಚಿದಳು. "ಒಂದು ಖಾನೆಗೆ ಎರಡು ಪಕ್ಕ, ಆರು. ಮುಖ ಮೂರು. ಬೆನ್ನು ಮೂರು. ತಳ ಮೂರು. ಆತಲ್ಲ! ಎ ಬಿ ಸಿ ಯಾರಿಗೆ ಬೇಕು?"

"ದೊಡ್ಡವು ಆರು ಉಳಿದ್ವು."

"ಅವು ಮನೆ. ಮೊದಲು ಮಕ್ಕಳು ಹುಟ್ಟಲಿ, ಆಮೇಲೆ ಮನೆ ಕಟ್ಟಾಣ."

ಖತೀಜಾಬೀಗೆ ಮತ್ತೆ ನಗು. ಆದರೆ ಸ್ಕ್ರೂ ತಿರುಗಿಸಲು ನೋಡಿದರೆ ಅವಳ ಹೊಲಿಗೆ ಮಿಷನ್ನಿನ ಸ್ಕ್ರೂಡ್ರೈವರ್ ಕಡ್ಡಿಯಷ್ಟು ಸಣ್ಣದು, ತುದಿ ಚಪ್ಪಟೆ. ಈ ಸ್ಕ್ರೂಗಳ ತಲೆಯಲ್ಲಿದ್ದದ್ದು ನಕ್ಷತ್ರದ ಗುರುತು. ಭಾನುವಾರ, ಹಾರ್ಡ್‌ವೇರ್ ಅಂಗಡಿಗಳೆಲ್ಲ ಬಾಗಿಲು. ಹಂಪವ್ವ ಚಪ್ಪಲಿ ಮೆಟ್ಟಿಕೊಂಡು ಬೀದಿಯ ಮೂಲೆಗೆ, ಬೈಕ್ ರಿಪೇರಿ ಮಾಡುವ ಹುಲಿಯಪ್ಪನ ಹತ್ತಿರ ಹೋದಳು.

ಹುಲಿಯಪ್ಪ ವಿಷಯ ಕೇಳಿ, ಕೈಯ ಆಯಿಲ್ ಒರೆಸಿಕೊಳ್ಳುತ್ತಾ ಎದ್ದೇಬಿಟ್ಟ. "ಅಯ್ಯ, ಇಷ್ಟೇ ಏನವ್ವ? ನಡೀರಿ, ಕರೆಂಟಿನಾಗೆ ತಿರುಗೋ ಸ್ಕ್ರೂಡ್ರೈವರ್ ಐತೆ ನನ್ನ ಹತ್ರ. ಅರ್ಧ ಗಂಟೆಯಾಗೆ ನಿಲ್ಲಿಸಿ ಬರ್ತೀನಿ. ನಿಮ್ಮ ಮಗ ಬಂದು ನೋಡಿದ್ರೆ ಯಾರು ಮಾಡಿದ್ರು ಅಂತ ಏನು ಗೊತ್ತಾಗ್ತೈತೆ?"

ಗೊತ್ತಾಗುವುದಿಲ್ಲ, ನಿಜ. ಹುಲಿಯಪ್ಪ ಬಡಗಿಯಲ್ಲ, ಕಂಪನಿಯವನೂ ಅಲ್ಲ. 'ನಿನ್ನ ಕೈಯಿಂದ' ಅಂದದ್ದನ್ನು ಮರೆತರೆ ಮಾರುತಿಯ ಮಾತಿಗೂ ಮೋಸವಾಗುವುದಿಲ್ಲ. ಹಂಪವ್ವ ಆ ಬಿಸಿಲಿನಲ್ಲಿ ನಿಂತು ಅರೆಗಳಿಗೆ ಆಸೆಪಟ್ಟಳು. ಆಮೇಲೆ ತಲೆ ಕೊಡವಿದಳು.

"ಬ್ಯಾಡಪ್ಪ. ನೀನು ನಿಲ್ಲಿಸಿದ್ರೆ ಅದು ನಿಂತಂಗಲ್ಲ. ಬರೀ ಕೈಯಾಗೆ ತಿರುಗಿಸೋದು ಕೊಡು."

"ಕೈ ಬೊಬ್ಬೆ ಬರ್ತಾವವ್ವ."

"ಮೂವತ್ತು ವರ್ಷದಿಂದ ಬೆಂಕಿ ಮುಂದೆ ಐತೆ ಈ ಕೈ. ಬೊಬ್ಬೆ ಬಂದ್ರೆ ಅದೇ ನಾಚಿಕೊಂಡು ಹೋಗ್ತೈತೆ."

ಖಾನೆಗಳು ಅವಳಂದುಕೊಂಡದ್ದಕ್ಕಿಂತ ಬೇಗ ಹುಟ್ಟಿದವು. ಮೊದಲನೆಯದಕ್ಕೆ ಮುಕ್ಕಾಲು ಗಂಟೆ, ಎರಡನೆಯದಕ್ಕೆ ಇಪ್ಪತ್ತೈದು ನಿಮಿಷ, ಮೂರನೆಯದಕ್ಕೆ ಹದಿನೈದು. ಚಕ್ರದಂಥ ಬಿಲ್ಲೆಗಳು ಮಾತ್ರ ತಲೆ ತಿಂದವು. ತೂತಿನಲ್ಲಿಟ್ಟರೆ ಸುಮ್ಮನೆ ಕೂರುತ್ತವೆ, ಏನನ್ನೂ ಹಿಡಿಯುವುದಿಲ್ಲ. ಚಿತ್ರದಲ್ಲಿ ಒಂದು ಬಾಗಿದ ಬಾಣ. ಹಂಪವ್ವ ಬಾಣವನ್ನೇ ದಿಟ್ಟಿಸಿ ನೋಡಿ, ಗ್ಯಾಸಿನ ರೆಗ್ಯುಲೇಟರ್ ತಿರುಗಿಸುವ ಹಾಗೆ ಬಿಲ್ಲೆಯನ್ನು ಒತ್ತಿ ತಿರುವಿದಳು. ಹಲಗೆ ಎರಡೂ ಕಟ್ ಎಂದು ಕಚ್ಚಿಕೊಂಡವು. "ಹಿಡೀತು! ಹಿಡೀತು ಕಣೇ!" ಎಂದು ಅವಳು ಕೂಗಿದ್ದು ಕೆಳಗಿನ ಬೀದಿಗೂ ಕೇಳಿಸಿತು.

ಹನ್ನೆರಡೂವರೆಗೆ ಸೊಸೆ ಸುಮಾಳ ಫೋನು ಬಂತು. ದನಿ ತಗ್ಗಿಸಿ ಮಾತಾಡುತ್ತಿದ್ದಳು. "ಅತ್ತೆ, ಹೆಂಗೈತೆ? ಇವರು ಬೆಳಗ್ಗೇನೇ ಗಾಡಿ ತೊಳೆದು, ನಿಮ್ಮ ಹಾಸಿಗೆ ಕಟ್ಟಾಕೆ ಹಗ್ಗಾನೂ ಇಟ್ಟುಕೊಂಡಾರೆ."

"ಹಗ್ಗಾನಾ?"

"ಹೂಂ. ಅತ್ತೆ, ನೀವು ಬಂದ್ರೆ ನನಗೆ ಸಂತೋಷಾನೇ, ಸುಳ್ಳು ಹೇಳಲ್ಲ. ಆದ್ರೆ ಸೋತು ಬರಬ್ಯಾಡ್ರಿ."

ಹಂಪವ್ವ ಫೋನನ್ನು ಕೆಳಗಿಟ್ಟಳು. ಇಷ್ಟು ವರ್ಷ ಒಂದೇ ಒಲೆಯ ಮುಂದೆ ನಿಂತಿದ್ದ ಹುಡುಗಿ ಇಷ್ಟು ಚೆನ್ನಾಗಿ ಮಾತಾಡಬಲ್ಲಳು ಅಂತ ಅವಳಿಗೆ ಗೊತ್ತಿರಲಿಲ್ಲ. ಎರಡು ರೊಟ್ಟಿ, ಚಟ್ನಿಪುಡಿ ತಿಂದು ನೀರು ಕುಡಿದು ಮತ್ತೆ ಸ್ಕ್ರೂಡ್ರೈವರ್ ಹಿಡಿದಳು.

ದೊಡ್ಡ ಹಲಗೆಗಳ ಸರದಿ. ಎರಡು ಗೋಡೆ, ಒಂದು ತಳ, ಒಂದು ಮಾಡು, ಕೆಳಗೊಂದು ಅಡ್ಡಪಟ್ಟಿ, ಹಿಂದಕ್ಕೆ ತೆಳು ಹಾಳೆ. ಗೋಡೆಗಳಿಗೆ ಒಳಮೈಯಲ್ಲಿ ಖಾನೆ ಜಾರುವ ತಗಡಿನ ಚಾನೆಲ್ ಮೂರು ಮೂರು ಬಿಗಿದಳು. ಖತೀಜಾಬೀ ಒಂದು ಗೋಡೆಯನ್ನು ತಬ್ಬಿ ಹಿಡಿದಳು, ಹಂಪವ್ವ ಇನ್ನೊಂದಕ್ಕೆ ತಳ ಕೂಡಿಸಿದಳು. ಗೂಟ, ಬಿಲ್ಲೆ, ಸ್ಕ್ರೂ. ಮಾಡು ಕೂತಿತು. ಎರಡು ಗಂಟೆಗೆ ಕೋಣೆಯ ನಡುವೆ ಕಪಾಟಿನ ಎಲುಬಿನ ಗೂಡು ನೆಟ್ಟಗೆ ನಿಂತಿತು. ಇಬ್ಬರೂ ಹಿಂದೆ ಸರಿದು ನೋಡಿದರು. ಖತೀಜಾಬೀ ನೆಟಿಕೆ ಮುರಿದು ದೃಷ್ಟಿ ತೆಗೆದಳು.

ಹಂಪವ್ವ ಮೊದಲ ಖಾನೆ ಎತ್ತಿ ನೂಕಿದಳು. ಅದು ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ ಆಗಿ, ಕುಂಟುವವರ ಹಾಗೆ ವಾಲಿ ನಿಂತುಬಿಟ್ಟಿತು.

ತೆಗೆದು ಮತ್ತೆ ನೂಕಿದಳು. ಮತ್ತೆ ವಾಲಿತು. ಟೇಪು ಹಿಡಿದು ಅಳೆದರೆ, ಬಲಗಡೆಯ ಚಾನೆಲ್ಲಿಗಿಂತ ಎಡಗಡೆಯದು ಎರಡಿಂಚು ಕೆಳಗಿತ್ತು. ಎಡಗೋಡೆಯನ್ನು ಅವಳು ತಲೆಕೆಳಗಾಗಿ ನಿಲ್ಲಿಸಿದ್ದಳು. ಮೇಲೂ ತೂತು, ಕೆಳಗೂ ತೂತು, ಎಲ್ಲ ಒಂದೇ ಥರ. ಯಾವುದು ತಲೆ, ಯಾವುದು ಕಾಲು ಅಂತ ಹೇಳಬೇಕಾದ ಚೀಟಿ ಬಕೀಟಿನಲ್ಲಿತ್ತು. ಈಗ ಮಾಡು ಬಿಚ್ಚಬೇಕು, ತಳ ಬಿಚ್ಚಬೇಕು, ಗೋಡೆ ತಿರುಗಿಸಬೇಕು, ಮತ್ತೆ ಮೊದಲಿನಿಂದ. ಅಂಗೈ ಆಗಲೇ ಕೆಂಪಾಗಿ ಊದಿತ್ತು.

ಹಂಪವ್ವ ಸ್ಕ್ರೂಡ್ರೈವರನ್ನು ನೆಲಕ್ಕೆ ಕುಕ್ಕಿದಳು. ಹಲಗೆ ಮಾಡಿದವನಿಂದ ಹಿಡಿದು ಚಿತ್ರ ಬರೆದವನ ತನಕ ಎಲ್ಲರಿಗೂ ಬಾಯಿಗೆ ಬಂದಂತೆ ಬೈದಳು. ಅವರ ಮನೆ ಕಪಾಟಿನಲ್ಲಿ ಹಾವು ಸೇರಲಿ ಅಂದಳು. ಬೈದು ಮುಗಿದ ಮೇಲೆ ಗೋಡೆಗೆ ಒರಗಿ ಕೂತಳು.

"ಹಂಪಕ್ಕ," ಖತೀಜಾಬೀ ಹತ್ತಿರ ಬಂದು ಕೂತು ಮೆಲ್ಲಗೆ ಕೇಳಿದಳು, "ಹುಲಿಯಪ್ಪನ್ನ ಕರೀಲಾ? ಯಾರಿಗೂ ಹೇಳಲ್ಲ. ಮಗ ಪ್ರೀತಿಯಿಂದಾನೇ ಕರೀತಾನಲ್ಲ, ಹೊಡೆದು ಬಡಿದು ಕರ್ಕೊಂಡು ಹೋಗ್ತಾನಾ? ಯಾಕ ಇಷ್ಟು ಜೀವ ತೇಯ್ತೀ?"

"ಪ್ರೀತಿ ಐತೆ," ಅಂದಳು ಹಂಪವ್ವ. "ಅದಕ್ಕೇ ನನಗೆ ಹೆದರಿಕೆ ನೋಡು. ಈ ಸಲ ಹೋದ್ರೆ ನಾನು ಇನ್ನು ಎದ್ದು ಬರಲ್ಲ. ಅವರು ಚೆನ್ನಾಗಿ ನೋಡ್ಕೊಳ್ತಾರೆ, ಕೂಡ್ರು ಅಂತಾರೆ, ಏನೂ ಮಾಡಬ್ಯಾಡ ಅಂತಾರೆ. ಹಾಲ್‌ನಾಗೆ ಟಿವಿ ಆರಿಸಿದ ಮೇಲೆ ಹಾಸಿಗೆ ಹಾಸ್ತೀನಿ, ಅವರು ಏಳೋದ್ರೊಳಗೆ ಸುತ್ತಿ ಇಡ್ತೀನಿ. ಹಂಗೇ ಒಂದು ದಿನ ಹೋಗಿಬಿಡ್ತೀನಿ. ಖತೀಜಾ, ನನಗೆ ಒಂದು ಬಾಗಿಲು ಬೇಕು. ನಾನೇ ಹಾಕಬೇಕು, ನಾನೇ ತೆಗೀಬೇಕು. ಅಷ್ಟೇ. ಇದು ತಪ್ಪಾ?"

ಖತೀಜಾಬೀ ಎದ್ದು ಹೋಗಿ ಸ್ಕ್ರೂಡ್ರೈವರ್ ಎತ್ತಿ ತಂದಳು. ಹಂಪವ್ವನ ಅಂಗೈ ಬಿಡಿಸಿ, ಕೊರಳಲ್ಲಿದ್ದ ಹಸಿರು ದುಪಟ್ಟಾದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಪರ್ರೆಂದು ಹರಿದು, ಬಿಗಿಯಾಗಿ ಸುತ್ತಿ ಕಟ್ಟಿದಳು.

"ಏಳು. ಎರಡೂ ಕಾಲಾತು," ಎಂದಳು.

ಬಿಚ್ಚುವುದು ಕಟ್ಟುವುದಕ್ಕಿಂತ ಬೇಗ ಆಯಿತು. ಈ ಸಲ ಹಂಪವ್ವ ಎರಡು ಗೋಡೆಗಳನ್ನೂ ನೆಲದ ಮೇಲೆ ಎದುರುಬದುರು ಮಲಗಿಸಿ, ತೂತಿಗೆ ತೂತು ಸರಿಹೋಗುತ್ತದೆಯೇ ಅಂತ ಟೇಪು ಹಿಡಿದು ನೋಡಿ, ಎರಡರ ತಲೆಗೂ ಕುಂಕುಮದಲ್ಲಿ ಒಂದೊಂದು ಬೊಟ್ಟು ಹಚ್ಚಿದಳು. ಬೊಟ್ಟು ಮೇಲಕ್ಕೆ. ಇನ್ನು ಯಾವ ಅಪ್ಪನೂ ತಪ್ಪಿಸಲಾರ. ಮೂರು ಗಂಟೆಗೆ ಗೂಡು ಮತ್ತೆ ನಿಂತಿತು. ಮೊದಲ ಖಾನೆ ನೂಕಿದರೆ ಸರ್ರನೆ ಒಳಗೆ ಹೋಯಿತು. ಹಂಪವ್ವ ಅದನ್ನು ಸುಮ್ಮಸುಮ್ಮನೆ ನಾಲ್ಕು ಸಲ ಎಳೆದು ನೂಕಿದಳು. ಎರಡನೆಯದೂ ಹೋಯಿತು. ಹಿಂದಿನ ಹಾಳೆಗೆ ಮೊಳೆ ಹೊಡೆಯಲು ಸುತ್ತಿಗೆಯಿರಲಿಲ್ಲ, ಶುಂಠಿ ಕುಟ್ಟುವ ಕಬ್ಬಿಣದ ಕುಟ್ಟಾಣಿಯ ಹಿಡಿಯಿಂದಲೇ ಹದಿನೆಂಟು ಮೊಳೆ ಬಡಿದಳು. ಎರಡು ಸೊಟ್ಟಗಾದವು, ಅವನ್ನೂ ಹಾಗೇ ಒಳಗೆ ಮಲಗಿಸಿದಳು.

ಮೂರನೆಯದು, ಎಲ್ಲಕ್ಕಿಂತ ಕೆಳಗಿನದು, ಒಳಗೆ ಹೋಗಲೊಲ್ಲದು. ನೋಡಿದರೆ ಅದರ ಮುಖದ ಹಲಗೆಯ ಒಂದು ಅಂಚು ಬೆಳಗಿನ ನೀರು ಕುಡಿದು ದೋಸೆಯ ಹಿಟ್ಟಿನ ಹಾಗೆ ಉಬ್ಬಿತ್ತು. ಹೊಸ ಸಾಮಾನಿಗೆ ಸ್ನಾನ ಮಾಡಿಸಿದ್ದರ ಫಲ. ಹಂಪವ್ವ ಈಗ ಬೈಯಲೂ ಹೋಗಲಿಲ್ಲ, ಅಷ್ಟು ಪುರಸತ್ತಿರಲಿಲ್ಲ. ತರಕಾರಿ ಹೆಚ್ಚುವ ಚಾಕು ತಂದು ಉಬ್ಬನ್ನು ಹೆರೆದಳು. ಹೆರೆದದ್ದು ಎದ್ದು ಕಾಣುತ್ತಿತ್ತು, ಕಾಣಲಿ. ಮೇಣದಬತ್ತಿ ತಿಕ್ಕಿದಳು. ಮತ್ತೆ ಹೆರೆದಳು, ಮತ್ತೆ ತಿಕ್ಕಿದಳು. ಕೆಳಗೆ ಬೀದಿಯಲ್ಲಿ ಲಗೇಜ್ ಆಟೊ ನಿಂತ ಸದ್ದು ಕೇಳಿದಾಗ ಅವಳು ನೆಲಕ್ಕೆ ಕೂತು ಎರಡೂ ಪಾದ ಕೊಟ್ಟು ಆ ಖಾನೆಯನ್ನು ಒದ್ದಳು. ಹೋಯಿತು.

ಮಾರುತಿ ಮೆಟ್ಟಿಲು ಹತ್ತಿ ಬಂದಾಗ ಕೈಯಲ್ಲಿ ನಿಜವಾಗಿಯೂ ಹಗ್ಗವಿತ್ತು. ಬಾಗಿಲು ತೆರೆದಿತ್ತು. ಅವ್ವ ತಲೆ ಕೆದರಿಕೊಂಡು, ಅಂಗೈಗೆ ಹಸಿರು ಬಟ್ಟೆ ಸುತ್ತಿಕೊಂಡು ನೆಲದ ಮೇಲೆ ಕೂತಿದ್ದಳು. ಅವಳ ಬೆನ್ನ ಹಿಂದೆ ಕಪಾಟು ನಿಂತಿತ್ತು.

ಅವನು ಸುತ್ತ ಬಂದು ನೋಡಿದ. ಹಿಡಿದು ಅಲ್ಲಾಡಿಸಿದ, ಅಲ್ಲಾಡಲಿಲ್ಲ. ಹಿಂದಿನ ಸೊಟ್ಟ ಮೊಳೆ ನೋಡಿದ. ಖತೀಜಾಬೀ ಕಡೆ ತಿರುಗಿ, "ಯಾರು ಬಂದಿದ್ರು?" ಅಂತ ಕೇಳಿದ.

"ಯಾರು ಬಂದಿದ್ರೆ ಮೊಳೆ ಸೊಟ್ಟಗಾಗ್ತಿತ್ತು?" ಎಂದಳು ಖತೀಜಾಬೀ.

ಮಾರುತಿ ಮೇಲಿನ ಖಾನೆ ಎಳೆದ. ಸಲೀಸಾಗಿ ಬಂತು. ನಡುವಿನದು ಎಳೆದ, ಬಂತು. ಕೆಳಗಿನದಕ್ಕೆ ಕೂತು ಕೈ ಹಾಕಿದ, ಬರಲಿಲ್ಲ. ಇನ್ನೊಮ್ಮೆ ಎಳೆದ. ಅವನ ಮುಖದಲ್ಲಿ ಗೆದ್ದೆನೆಂಬ ಆಸೆ ಮಿಂಚಿತು.

"ಮೂರೂ ಎಳೀಬೇಕು ಅಂದಿದ್ದೆ," ಅಂದ ಮಾರುತಿ.

"ಎಳಿ. ಗಂಡಸಲ್ಲೇನು? ಸ್ವಲ್ಪ ಮ್ಯಾಲಕ್ಕೆ ಎತ್ತಿ ಎಳಿ."

ಎತ್ತಿ ಎಳೆದ. ಕಿರ್ರೆಂದು ಒರಲಿ ಹೊರಗೆ ಬಂತು. ಮೇಣದ ವಾಸನೆ ಬಂತು. ಮಾರುತಿ ಕುಕ್ಕರಗಾಲಿನಲ್ಲೇ ಉಳಿದ. ಹಗ್ಗ ಅವನ ತೊಡೆಯ ಮೇಲಿತ್ತು.

"ಗೆದ್ದೆ ಬಿಡವ್ವ," ಎಂದ. ಸಿಟ್ಟಿರಲಿಲ್ಲ, ದನಿ ಸೋತಿತ್ತು. "ಮಾತು ಮಾತೇ. ಆದ್ರೆ ನಾನು ಜನಕ್ಕೆ ಏನು ಹೇಳಲಿ? ನಮ್ಮವ್ವಗೆ ನನ್ನ ಮನೆ ಸಾಲಲಿಲ್ಲ ಅಂತ ಹೇಳ್ಲಾ?"

ಹಂಪವ್ವನಿಗೆ ಆಗ ಗೊತ್ತಾಯಿತು, ಇವನಿಗೆ ಆಟೊ ಸ್ಟ್ಯಾಂಡಿನವರ ಮಾತು ಅಷ್ಟೇನೂ ಚುಚ್ಚಿಲ್ಲ. ಚುಚ್ಚಿದ್ದು ತಾನು ಎದ್ದು ಬಂದದ್ದು. ಮೂವತ್ತೇಳು ವರ್ಷದ, ಮೀಸೆ ಹೊತ್ತ ಗಂಡಸು, ತಾಯಿ ತನ್ನನ್ನು ಬಿಟ್ಟುಹೋದಳು ಅಂತ ನೊಂದುಕೊಂಡು ಕೂತಿದ್ದ. ತೆವಳಿಕೊಂಡು ಅವನ ಪಕ್ಕಕ್ಕೆ ಹೋದಳು.

"ಮ್ಯಾಲಿನದು ನನ್ನ ಸೀರೆಗೆ," ಎಂದಳು. "ನಡುವಿನದು ಹಾಸಿಗೆ ಬಟ್ಟೆ, ಅದು ಇದು. ಇದು ನಿಂದು."

"ನಂದಾ?"

"ನೀನು ಬಾಡಿಗೆಗೆ ದಾವಣಗೆರೆಗೆ ಬರ್ತೀಯಲ್ಲ, ಹೊತ್ತಾದ್ರೆ ಇಲ್ಲೇ ಮಲಗು. ಒಂದು ಲುಂಗಿ, ಒಂದು ಟವೆಲ್ಲು ತಂದಿಡು. ರೇವಂತನ್ದೂ ಒಂದು ಅಂಗಿ ಇಡು, ಸುಮಾದು ಒಂದು ಸೀರೆ ಇಡು. ಇದು ಹಿಡಿಸ್ತೈತೆ, ಅಳತೆ ಮಾಡೀನಿ. ಜನ ಕೇಳಿದ್ರೆ ಹೇಳು, ನಮಗೆ ದಾವಣಗೆರೆಯಾಗೆ ಇನ್ನೊಂದು ಮನೆ ಐತೆ ಅಂತ."

ಮಾರುತಿ ಖಾಲಿ ಖಾನೆಯೊಳಗೆ ಕೈಯಿಟ್ಟು ತಳ ಸವರಿದ. ಆಮೇಲೆ ಅವ್ವನ ಕೈ ಹಿಡಿದು, ಸುತ್ತಿದ ಬಟ್ಟೆಯನ್ನು ಮೆಲ್ಲಗೆ ಸರಿಸಿ ಬೊಬ್ಬೆ ನೋಡಿ, ಮತ್ತೆ ಮುಚ್ಚಿದ.

"ಔಷಧಿ ಹಚ್ಚಿದೆಯಾ?"

"ಆಮೇಲೆ ಹಚ್ತೀನಿ. ಉಂಡಿದೀಯಾ ನೀನು?"

ಉಂಡಿರಲಿಲ್ಲ. ಗೆಲ್ಲುವ ಗಡಿಬಿಡಿಯಲ್ಲಿ ಮಧ್ಯಾಹ್ನದ ಊಟ ಬಿಟ್ಟು ಬಂದಿದ್ದ. ಹಂಪವ್ವ ಎದ್ದು, ಒಲೆ ಹಚ್ಚಿ, ಪರಾತಕ್ಕೆ ಜೋಳದ ಹಿಟ್ಟು ಹಾಕಿಕೊಂಡು ಕೂತಳು. ಖತೀಜಾಬೀ ತನಗೆ ಹೊಲಿಗೆ ಇದೆಯೆಂದು ಕೆಳಗಿಳಿದಳು. ಮಾರುತಿ ಬಾಗಿಲ ಹೊರಗೆ ನಿಂತು ಫೋನು ಹಚ್ಚಿದ. ಅವನು ಮೆಲ್ಲಗೆ ಮಾತಾಡುತ್ತೇನೆ ಅಂದುಕೊಂಡಿದ್ದ, ಆದರೆ ಲಗೇಜ್ ಆಟೊದವರ ಮೆಲ್ಲಗೆ ಮಾತು ಓಣಿಗೆಲ್ಲ ಕೇಳುತ್ತದೆ.

"ಏ ಸುಮಾ, ರಾತ್ರಿ ನನಗೆ ಅಡಿಗೆ ಮಾಡಬ್ಯಾಡ... ಇಲ್ಲ, ಬಾಡಿಗೆ ಏನೂ ಇಲ್ಲ... ಅವ್ವನ ಮನೆಯಾಗೆ ಅದೀನಿ."

ಹಂಪವ್ವ ಕೇಳಿಸಿಕೊಂಡಳು. ಬಟ್ಟೆ ಕಟ್ಟಿದ ಕೈಯಿಂದ ಹಿಟ್ಟು ನಾದಲು ಬರುತ್ತಿರಲಿಲ್ಲ, ಇನ್ನೊಂದು ಕೈಯಲ್ಲೇ ನಾದುತ್ತಿದ್ದಳು. ಡಬ್ಬಿಯಿಂದ ಇನ್ನೂ ಎರಡು ಹಿಡಿ ಹಿಟ್ಟು ತೆಗೆದು ಪರಾತಕ್ಕೆ ಸುರಿದುಕೊಂಡಳು.